ತಂಗಿಗೆ ನಿಲ್ಲಿಸದ ಬಸ್ಸು

ನನಗೆ ಕಂಡಕ್ಟರ್ ನೌಕರಿ ಸಿಕ್ಕಿದ ವರ್ಷವೇ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಆಗ ನಾನು ಬೆಳಂಬಾರದ ಗಂಡನ ಮನೆ ಸೇರಿ ಮೂರು ವರ್ಷವಾಗಿತ್ತು. ಗಂಡ ಸ್ವಲ್ಪ ಗದ್ದೆ ಮಾಡಿಕೊಂಡು, ಬೇಸಾಯವಿಲ್ಲದ ತಿಂಗಳುಗಳಲ್ಲಿ ಕೂಲಿಗೆ ಹೋಗುತ್ತಿದ್ದರು. ಅಂಥ ಮನೆಗೆ ಸರಕಾರಿ ಬಸ್ಸಿನ ಸಂಬಳ ಬಂದದ್ದೇ ದೊಡ್ಡ ಸುದ್ದಿ. ತಂಗಿಯನ್ನು ನೋಡಲು ಬಂದವರೂ ಮೊದಲು ನನ್ನ ಕೆಲಸವನ್ನೇ ವಿಚಾರಿಸಿದರು. ತಂಗಿ ಹತ್ತನೆಯದರಲ್ಲಿ ಫೇಲಾದವಳು. ಹುಡುಗ ಚಿತ್ತಾಕುಲದವನು, ಗೋವಾದ ಒಂದು ಫ್ಯಾಕ್ಟರಿಯಲ್ಲಿ ಕೆಲಸಗಾರರ ಬಸ್ಸು ಓಡಿಸುತ್ತಿದ್ದ.

"ಪ್ರೈವೇಟ್ ಡ್ರೈವರ್ ಅಲ್ವನೆ ಆಯಿ, ನಾಳೆ ತೆಗ್ದು ಹಾಕಿದ್ರೆ ತಂಗಿ ಯಂತಾ ಮಾಡೂದು?" ಎಂದು ನಾನು ಎಲ್ಲರೆದುರೇ ತಾಯಿಯನ್ನು ಕೇಳಿದೆ. ಯಾರೂ ನನಗೆ ಎದುರು ಮಾತಾಡಲಿಲ್ಲ. ಅಂದು ನನ್ನ ಮಾತಿಗೆ ಅಷ್ಟು ತೂಕವಿತ್ತು. ಆದರೂ ಹುಡುಗ ಒಳ್ಳೆಯವನೆಂದು ಮದುವೆ ನಡೆದೇಹೋಯಿತು.

ಅವನನ್ನು ಯಾರೂ ತೆಗೆದುಹಾಕಲಿಲ್ಲ. ಗೋವಾದ ಸಂಬಳ ವರ್ಷ ವರ್ಷ ಏರಿತು, ದೀಪಾವಳಿಗೆ ಬೋನಸ್ಸೂ ಬಂತು. ನಮ್ಮಲ್ಲಿ ಸಂಬಳ ಹೆಚ್ಚಾಗುತ್ತದೆ ಎಂಬ ಸುದ್ದಿ ಮಾತ್ರ ಡಿಪೋದ ಚಹಾ ಅಂಗಡಿಯಲ್ಲಿ ಪ್ರತಿ ಮಳೆಗಾಲಕ್ಕೊಮ್ಮೆ ಹುಟ್ಟಿ ಅಲ್ಲೇ ಸಾಯುತ್ತಿತ್ತು. ತಂಗಿಯ ಗಂಡ ಮನೆಯ ಹಿಂದೆ ಬಾಡಿಗೆಗೆಂದು ಒಂದೊಂದು ಕೋಣೆಯ ಎರಡು ಖೋಲಿ ಕಟ್ಟಿಸಿದ. ನೌಕಾನೆಲೆಗೆ ಹೊರಗಿನವರು ಕೆಲಸಕ್ಕೆ ಬಂದು ಕಾರವಾರದ ಸುತ್ತ ಬಾಡಿಗೆ ಮೇಲೇರಿದ ಕಾಲ ಅದು. ಒಂದೊಂದು ಖೋಲಿಗೂ ಕೇಳಿದಷ್ಟು ಬಾಡಿಗೆ ಸಿಕ್ಕಿತು.

ಹೊಟ್ಟೆಕಿಚ್ಚು ನನ್ನೊಳಗೆ ಹೊಕ್ಕದ್ದು ಒಂದು ದಿನದಲ್ಲಿ ಅಲ್ಲ. ಅವಳ ಅಡಿಗೆಮನೆಯಲ್ಲಿ ನಿಂತಾಗಲೆಲ್ಲ ಸ್ವಲ್ಪ ಸ್ವಲ್ಪವೇ ಬಂತು. ನಾನು ತಾರ್ಲೆಯಂಥ ಅಗ್ಗದ ಮೀನಿಗೂ ಚೌಕಾಸಿ ಮಾಡುತ್ತಿದ್ದ ದಿನಗಳಲ್ಲಿ ಅವಳ ಹಂಚಿನ ಮೇಲೆ ದುಬಾರಿ ಇಸವಾಣದ ದಪ್ಪ ತುಂಡುಗಳು ಚುರುಗುಟ್ಟುತ್ತಿದ್ದವು. ಹೆಂಗಸರಿಗೆ ಬಸ್ ಪ್ರಯಾಣ ಪುಕ್ಕಟೆಯಾದ ಮೇಲೆ ಅವಳು ಹೊಸ ಬಳೆ ತೊಟ್ಟುಕೊಂಡು ನನ್ನ ಬಸ್ಸನ್ನೇ ಹತ್ತುತ್ತಿದ್ದಳು. ನಾನು ಮಷೀನು ಒತ್ತಿ ಶೂನ್ಯ ಟಿಕೆಟ್ ಹರಿದು ಕೊಡುತ್ತಿದ್ದೆ. ದುಡ್ಡಿರುವವಳಿಗೂ ದುಡ್ಡಿಲ್ಲದ ಟಿಕೆಟ್ಟೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅವಳಾದರೋ ಸೀಟಿನಲ್ಲಿ ಸರಿದು, "ಕಾಲು ನೋಯೂದಿಲ್ವನೆ ಅಕ್ಕ? ಕೂತ್ಕ ಬಾ" ಅನ್ನುತ್ತಿದ್ದಳು. ಆ ಕರುಣೆ ನನಗೆ ಸೇರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನನಗೆ ಅಂಕೋಲಾದಿಂದ ಕಾರವಾರ ಡಿಪೋಗೆ ವರ್ಗವಾಯಿತು. ಬೆಳಂಬಾರದಿಂದ ಮೊದಲ ಪಾಳಿಗೆ ಮುಟ್ಟುವಷ್ಟು ಬೇಗ ಯಾವ ಬಸ್ಸೂ ಇರಲಿಲ್ಲ. ಗಂಡ ಬೈಕಿನ ಮೇಲೆ ಬಾಳೆಗುಳಿಯವರೆಗೆ ತಂದು ಬಿಡುತ್ತಿದ್ದರು. ಅಲ್ಲಿ ಹುಬ್ಬಳ್ಳಿ ಕಡೆಯಿಂದ ಬರುವ ಬಸ್ಸಿಗೆ ಕೈ ಮಾಡಿ ಕಾರವಾರಕ್ಕೆ ಹೋಗುತ್ತಿದ್ದೆ. ಅದೇ ವರ್ಷ ಮಗಳು ಕಾರವಾರದ ಕಾಲೇಜು ಸೇರಿದಳು. ಇಬ್ಬರಿಗೂ ಅಲ್ಲೇ ಒಂದು ಖೋಲಿ ಸಿಕ್ಕರೆ ಸಾಕಿತ್ತು. ರಜೆಯ ದಿನಗಳಲ್ಲಿ ಊರೆಲ್ಲ ಸುತ್ತಿ ನೋಡಿದೆ. ಒಂದು ಕಡೆ ಹೇಳಿದ ಬಾಡಿಗೆ ಕೇಳಿ, ನೀರು ಕುಡಿದು ಸುಮ್ಮನೆ ಎದ್ದು ಬಂದೆ. ಅದನ್ನು ಕೊಟ್ಟರೆ ಉಳಿದ ಸಂಬಳದಲ್ಲಿ ಅಕ್ಕಿ ತಂದರೆ ಗ್ಯಾಸಿಲ್ಲ, ಗ್ಯಾಸು ತಂದರೆ ಮಗಳ ಪುಸ್ತಕವಿಲ್ಲ.

ಸುದ್ದಿ ತಂಗಿಗೆ ಮುಟ್ಟಿತು. ಆಯಿ ಅವಳ ಮನೆಯಲ್ಲೇ ಇರುತ್ತಿದ್ದಳು. ನಾನು ಹೋದಾಗ, ಆಯಿಯ ಎದುರು, ಅವಳ ಗಂಡನ ಎದುರು ತಂಗಿ ಹೇಳಿದಳು:

"ಒಂದು ಖೋಲಿ ಬಿಡಿಸ್ತೆ ಅಕ್ಕ. ನೀ ಅರ್ಧ ಬಾಡಿಗೆ ಕೊಡು, ಸಾಕು."

"ನಂಗೆ ಯಾರ ದಾನನೂ ಬ್ಯಾಡ," ಎಂದೆ.

"ದಾನ ಹೇಳಿ ಯಾರು ಹೇಳಿದ್ರು ಮಾರಾಯ್ತಿ?"

ನಾನು ಚೀಲ ಎತ್ತಿಕೊಂಡು ಹೊರಟುಬಿಟ್ಟೆ. ಆಯಿ ಬಾಗಿಲವರೆಗೆ ಬಂದು ಕರೆದಳು. ನಾನು ತಿರುಗಲಿಲ್ಲ.

ಅದಾಗಿ ತಿಂಗಳಾಗಿರಬಹುದು. ಮಾಜಾಳಿಯಿಂದ ಕಾರವಾರಕ್ಕೆ ವಾಪಸು ಬರುವ ಟ್ರಿಪ್ಪು, ಮಧ್ಯಾಹ್ನದ ಉರಿಬಿಸಿಲು. ಬಸ್ಸು ಅರ್ಧ ಖಾಲಿ. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಚಿತ್ತಾಕುಲದ ಸ್ಟಾಪಿನಲ್ಲಿ ತಂಗಿ ನಿಂತು ಕೈ ಮಾಡುತ್ತಿದ್ದಳು. ನೀಲಿ ಸೀರೆ, ತೋಳಲ್ಲಿ ಚೀಲ. ಡ್ರೈವರ್ ಬ್ರೇಕಿನ ಮೇಲೆ ಕಾಲಿಟ್ಟದ್ದು ನನಗೆ ಗೊತ್ತಾಯಿತು. ನಾನು ಎರಡು ಸಲ ಸೀಟಿ ಊದಿದೆ. ಎರಡು ಸೀಟಿಯೆಂದರೆ ಹೋಗೋಣ ಎಂದು. ಅವರು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ ಗಾಡಿ ಮುಂದೆ ಬಿಟ್ಟರು.

"ಏ ಕಂಡಕ್ಟರ್ ಬಾಯಿ, ಅಲ್ಲಿ ಜನ ಇದ್ರಲ್ಲೆ!" ಎಂದಳು ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನಿನವಳು.

"ಹಿಂದೆ ಇನ್ನೊಂದು ಬಸ್ಸುಂಟು," ಎಂದೆ. ಇರಲಿಲ್ಲ.

ಹಾಗೆಂದು ಹಿಂದಿನ ಗಾಜಿನಲ್ಲಿ ನೋಡಿದೆ. ತಂಗಿಯ ಹಿಂದೆ, ಕೊಡೆ ಹಿಡಿದು, ಕಣ್ಣಿಗೆ ಹಸಿರು ಬಟ್ಟೆಯ ತುಂಡು ಕಟ್ಟಿಕೊಂಡು ಆಯಿ ನಿಂತಿದ್ದಳು. ಕಣ್ಣಿನ ಆಪರೇಷನ್ ಆಗಿ ವಾರವಾಗಿತ್ತು. ಡಾಕ್ಟರಿಗೆ ತೋರಿಸಲು ಹೊರಟಿದ್ದರು. ಮತ್ತೆ ಸೀಟಿ ಊದಿ ನಿಲ್ಲಿಸಬಹುದಿತ್ತು. ಬಾಯಿಯ ಹತ್ತಿರ ಸೀಟಿ ಬಂತು. ಡ್ರೈವರ್ ಏನೆಂದಾರು, ಮೀನಿನವಳು ಏನೆಂದಾಳು ಎಂದು ಯೋಚಿಸುವಷ್ಟರಲ್ಲಿ ಬಸ್ಸು ನಿಲ್ಲಿಸಲಾಗದ ಸೇತುವೆ ಬಂತು.

ಮುಂದಿನ ಟ್ರಿಪ್ಪಿನಲ್ಲಿ ಸ್ಟಾಪು ಖಾಲಿಯಾಗಿತ್ತು. ಸಂಜೆ ನಾನೇ ಆಯಿಗೆ ಫೋನ್ ಮಾಡಿದೆ.

"ಬಸ್ಸು ಸಿಗ್ಲಿಲ್ಲ ಮಗಾ. ಬಾಳ ಹೊತ್ತಿನ ಮೇಲೆ ರಿಕ್ಷಾ ಸಿಕ್ತು. ಹೋಗೂವರೆಗೆ ಡಾಕ್ಟ್ರು ಎದ್ದು ಹೋಗಿದ್ರು. ನಾಳೆ ಬನ್ನಿ ಹೇಳಿದ್ರು."

"ಬಸ್ಸು ಬರ್ಲೇ ಇಲ್ವಾ?"

"ಒಂದು ಬಂದಿತ್ತು. ನಂಗೆ ಸಮಾ ಕಾಣ್ಲಿಲ್ಲ. ತುಂಬಿ ಹೋಗಿತ್ತು ಹೇಳಿ ಹೇಳ್ತು ನಿನ್ನ ತಂಗಿ."

ತಂಗಿ ನನ್ನನ್ನು ನೋಡಿಲ್ಲವೇನೋ ಎಂದು ಒಂದು ಆಸೆ, ನೋಡಿಯೂ ಮುಚ್ಚಿಟ್ಟಳು ಎಂದು ಒಂದು ಉರಿ. ಭಾನುವಾರದವರೆಗೆ ನನಗೆ ಊಟ ಸೇರಲಿಲ್ಲ.

ಭಾನುವಾರ ಚಿತ್ತಾಕುಲಕ್ಕೆ ಹೋದೆ. ಆಯಿ ಒಳಗೆ ಮಲಗಿದ್ದಳು. ತಂಗಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಾನು ಏನೂ ಹೇಳುವ ಮೊದಲೇ ಅವಳೇ ಅಂದಳು:

"ನಾ ಕಂಡಿದ್ದೆ ಅಕ್ಕ. ನೀ ಬಾಗ್ಲಲ್ಲೇ ಇದ್ದಿದ್ದೆ."

"ಆಯಿ ಇದ್ದದ್ದು ನಂಗೆ ಕಾಣ್ಲಿಲ್ಲ."

"ನಾ ಇದ್ದದ್ದು ಕಂಡಿತ್ತಲ್ಲ."

ಬಕೆಟ್ಟಿನಿಂದ ಒಂದು ಬಟ್ಟೆ ಎತ್ತಿ ಕೊಡುತ್ತ, "ಆಯಿಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳಿ ಯಂತಾ ಮಾಡೂದು? ಆಯಿ ಬಂದವ್ರಿಗೆಲ್ಲ ನನ್ನ ಮಗಳು ಕಂಡಕ್ಟ್ರು, ನನ್ನ ಮಗಳು ಕಂಡಕ್ಟ್ರು ಹೇಳಿ ಹೇಳ್ಕಂಡು ಕೂತಿರ್ತದೆ. ಅದರ ಕಣ್ಣಿಗೆ ಔಷಧ ಬಿಡೂದು ನಾನು. ನನ್ನ ಸುದ್ದಿ ಒಂದಿನ ಯಾರ ಹತ್ರನಾದ್ರೂ ಹೇಳಿದ್ದು ನೀ ಕೇಳಿದ್ದೀಯನೆ?"

ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಸಂತೋಷವಾಯಿತು. ಅವಳಿಗೂ ನನ್ನ ಮೇಲೆ ಕಿಚ್ಚಿದೆ, ಅವಳ ಬಳಿ ಇಲ್ಲದ್ದು ನನ್ನ ಬಳಿ ಒಂದಿದೆ ಎಂಬ ಸಂತೋಷ. ತಪ್ಪಾಯಿತು ಎಂದು ಬಾಯಲ್ಲಿ ಹೇಳುತ್ತಿದ್ದೆ. ಮನಸ್ಸು ಬೇರೆಯದನ್ನೇ ಚಪ್ಪರಿಸುತ್ತಿತ್ತು.

ಅವಳು ಕಣ್ಣೊರೆಸಿಕೊಂಡು, ಬಾಡಿಗೆಯವರಿಗೆ ನೌಕಾನೆಲೆಯಲ್ಲೇ ಕ್ವಾರ್ಟರ್ಸ್ ಸಿಕ್ಕಿದೆಯೆಂದೂ, ಬರುವ ತಿಂಗಳು ಒಂದು ಖೋಲಿ ಖಾಲಿಯಾಗುತ್ತದೆಂದೂ ಹೇಳಿದಳು. ಅರ್ಧ ಬಾಡಿಗೆಯ ಮಾತನ್ನು ಮಾತ್ರ ಈ ಸಲ ಎತ್ತಲಿಲ್ಲ. ಬಕೆಟ್ಟಿನಲ್ಲಿ ಬಟ್ಟೆಯೆಲ್ಲ ಮುಗಿಯುವವರೆಗೆ ಕಾದೆ. ಎತ್ತಲೇ ಇಲ್ಲ. ಕೊನೆಗೆ ನಾನೇ ಕೇಳಬೇಕಾಯಿತು.

"ನಂಗೆ ಅರ್ಧಕ್ಕೆ ಕೊಡ್ತೀಯನೆ?"

ಅವಳು ಖಾಲಿ ಬಕೆಟ್ಟು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, "ಗಂಡನ್ನ ಕೇಳಿ ಹೇಳ್ತೆ," ಎಂದಳು. ಮರುದಿನ ಫೋನ್ ಮಾಡಿ, ಖೋಲಿಗೆ ಬರಲು ಹೇಳಿದಳು.

ಮಳೆಗಾಲಕ್ಕೆ ಮುಂಚೆ ನಾನೂ ಮಗಳೂ ಸಾಮಾನು ತಂದೆವು. ಗಂಡ ಗದ್ದೆ ಬಿಟ್ಟು ಬರುವಂತಿಲ್ಲ. ರಜೆ ಬಂದಾಗ ನಾವೇ ಬೆಳಂಬಾರಕ್ಕೆ ಹೋಗುತ್ತೇವೆ. ತಂಗಿ ಮತ್ತು ನಾನು ಜಗಳವಾಡಿಲ್ಲ, ಆ ದಿನದ ಮಾತನ್ನೂ ಮತ್ತೆ ಎತ್ತಿಲ್ಲ. ಆದರೆ ಕಿಚ್ಚು ಹೋಗಿದೆ ಎಂದರೆ ಸುಳ್ಳಾಗುತ್ತದೆ. ಈಗ ಅವರು ಮೇಲೆ ಇನ್ನೂ ಮೂರು ಖೋಲಿಯ ಮಹಡಿ ಕಟ್ಟಿಸುತ್ತಿದ್ದಾರೆ. ಹೊಸ ಗೋಡೆಗೆ ದಿನವೂ ನೀರು ಹಿಡಿಯಬೇಕು. ಮೊದಲ ಪಾಳಿ ಮುಗಿಸಿ ಬಂದವಳು ಪೈಪು ಹಿಡಿದು ನಾನೇ ಮೇಲೆ ಹತ್ತುತ್ತೇನೆ. ಒಂದು ಕಲ್ಲೂ ಒಣಗದಂತೆ ನೀರು ಬಿಡುತ್ತೇನೆ, ಮೂರು ಖೋಲಿಗೂ ಎಷ್ಟು ಬಾಡಿಗೆ ಬಂದೀತು ಎಂದು ಯೋಚಿಸುತ್ತ.