ಮೂರು ಬೋರು, ಒಂದೇ ಪರಾಗ

ಬುರಾನುದ್ದೀನನಷ್ಟು ಮೊಂಡ ಮನುಷ್ಯನನ್ನು ನಾನು ನೋಡಿಲ್ಲ. ನಿಂಬರ್ಗಾದವನು, ಮೂವತ್ತು ವರ್ಷದಿಂದ ಬೋರ್ ಯಂತ್ರದ ಮೇಲೆ ದುಡಿದವನು. ಕೊರೆಯುವಾಗ ಒಳಗೆ ಬಿಟ್ಟ ನೀರು ಕಲ್ಲಿನ ಬಿರುಕಿನಲ್ಲಿ ಇಂಗಿ ಮೇಲೆ ಬಾರದಿದ್ದರೆ ಕೊರೆಯುವ ಬಿಟ್ ಕೆಳಗೇ ಸಿಕ್ಕಿಕೊಳ್ಳುತ್ತದೆ. ನಾವೆಲ್ಲ ಕೈಚೆಲ್ಲಿ ಕೂತಾಗ ಅವನು ತನ್ನ ಚೀಲ ಬಿಚ್ಚುತ್ತಿದ್ದ. ಅದರಲ್ಲಿ ಅವನ ಮನೆಯ ಎಮ್ಮೆಗಳ ಒಣ ಸಗಣಿಯ ಪುಡಿ, ಒಂದಿಷ್ಟು ತೊಗರಿ ಹೊಟ್ಟು. ಕಲಸಿ ಸುರಿದರೆ ಬಿರುಕು ಮುಚ್ಚುತ್ತಿತ್ತು. ಎಲ್ಲೇ ಕ್ಯಾಂಪ್ ಹಾಕಲಿ, ಆ ಚೀಲ ಜೊತೆಗೆ ಬರಬೇಕು. ಬೇರೆಯವರ ಎಮ್ಮೆಯ ಸಗಣಿ ಈ ಮಹಾರಾಯನಿಗೆ ಒಗ್ಗದು.

ಮೂರು ವರ್ಷದ ಹಿಂದೆ ನಮಗೆ ಹೊಸ ಕೆಲಸ ಬಂತು. ಆಳಂದದ ಹುಡುಗಿ ಜಯಮಾಲಾ ಕಲಬುರಗಿಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕರಿಕಲ್ಲಿನ ಎರಡು ಪದರಗಳ ನಡುವೆ ಹೂತುಹೋದ ಹಳೆಯ ಕೆರೆಯ ಜೇಡಿ ಅವಳಿಗೆ ಬೇಕಿತ್ತು. ಅದರೊಳಗೆ ಕಣ್ಣಿಗೆ ಕಾಣದ ಹೂವಿನ ಪರಾಗ, ಜರಿಗಿಡದ ಬೀಜಕಣ ಕೋಟ್ಯಂತರ ವರ್ಷ ಕೆಡದೆ ಉಳಿದಿರುತ್ತವಂತೆ. ಗಿಡ ಯಾವ ಕಾಲದ್ದೋ ಮಣ್ಣೂ ಆ ಕಾಲದ್ದು. ನಿಂಬರ್ಗಾ, ಗಾಣಗಾಪುರ, ನೆಲೋಗಿ ಮೂರೂ ಕಡೆ ಒಂದೇ ಬಗೆಯ ಕಣಗಳು ಸಿಕ್ಕರೆ ಮೂರೂ ಜೇಡಿ ಒಂದೇ ಕಾಲದ್ದೆಂದು ಹೇಳಬಹುದು. ಬುರಾನುದ್ದೀನ ಬೀಡಿ ಆರಿದ್ದೂ ತಿಳಿಯದೆ ಅವಳ ಮಾತು ಕೇಳುತ್ತ ಕೂತಿದ್ದ.

ನೀರು ಬಿಟ್ಟು ಬೋರಿಗೆ ಏನೂ ಹಾಕಬೇಡಿ ಎಂದು ಅವಳು ಕೈಮುಗಿದು ಹೇಳಿದ್ದಳು. ನಾವು ಹೂಂ ಅಂದೆವು. ಏನೂ ಅಂದರೆ ಅಂಗಡಿಯ ರಾಸಾಯನಿಕ ಪುಡಿ ಎಂದುಕೊಂಡೆವು. ಸಗಣಿಯನ್ನು ಹಾಕುವ ವಸ್ತು ಎಂದು ಯಾರು ಎಣಿಸುತ್ತಾರೆ? ದಾಖಲೆ ಬರೆಯುವವನು ನಾನು. ಬುರಾನುದ್ದೀನ ಸಗಣಿ ಸುರಿಯುವುದನ್ನು ಕಣ್ಣಾರೆ ನೋಡಿ ‘ಬರೀ ನೀರು’ ಎಂದು ಬರೆದೆ.

ಮೂರೂ ಬೋರಿನಲ್ಲಿ ಒಂದೇ ಬಗೆಯ ಹುಲ್ಲಿನ ಪರಾಗ ಸಿಕ್ಕಿತು. ಜಯಮಾಲಾ ಪೇಢೆ ಹಂಚಿದಳು. ಈ ವರ್ಷ ಪ್ರಬಂಧ ಒಪ್ಪಿಸುವ ಹೊತ್ತಿಗೆ ಅವಳ ಗುರುಗಳಿಗೆ ಅನುಮಾನ ಬಂತು: ಕಣಗಳು ಹೊಸದರಂತಿವೆ, ಕೊರೆದವರನ್ನು ಕೇಳಿ ಬಾ. ಅವಳು ಕ್ಯಾಂಪಿಗೆ ಬಂದು ಪರಾಗದ ಚಿತ್ರ ತೋರಿಸಿದಳು. ಇದು ಯಾವುದರದು ಎಂದು ಬುರಾನುದ್ದೀನ ಕೇಳಿದ. ಜೋಳದ ಜಾತಿಯ ಹುಲ್ಲಿನದು ಎಂದಳು.

ಅವನ ಮುಖ ಕಪ್ಪಿಟ್ಟಿತು. ಅವನ ಎಮ್ಮೆಗಳು ವರ್ಷವಿಡೀ ತಿನ್ನುವುದು ಜೋಳದ ಒಣದಂಟು, ಕಣಕಿ. ಗುತ್ತಿಗೆದಾರ ಮಲ್ಲಣ್ಣ ಹಿಂದಿನಿಂದ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದ. ನಾನೂ ನೆಲ ನೋಡುತ್ತ ನಿಂತೆ, ನಾಚಿಕೆಗೇಡಿ. ಬುರಾನುದ್ದೀನ ಬಾಯಿ ಮುಚ್ಚಿಕೊಂಡಿದ್ದರೆ ಅವನ ಕೆಲಸ ಉಳಿಯುತ್ತಿತ್ತು.

“ಬೇಟಿ, ಮೂರೂ ಬೋರಿಗೆ ನಮ್ಮ ಮನಿ ಸಗಣಿ ಹಾಕೇನ್ರಿ,” ಅಂದ.

ಜಯಮಾಲಾ ಅವನ ಚೀಲದಿಂದ ಒಂದು ಹಿಡಿ ಪುಡಿ ಕಟ್ಟಿಕೊಂಡು ಹೋದಳು. ಮರುದಿನವೇ ಮಲ್ಲಣ್ಣ ಬುರಾನುದ್ದೀನನನ್ನು ಕೆಲಸದಿಂದ ಬಿಡಿಸಿದ. ದಾಖಲೆಯ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹದಿನೈದು ದಿನದ ಮೇಲೆ ಅವಳು ನಿಂಬರ್ಗಾಕ್ಕೆ ಅವನ ಮನೆಗೇ ಬಂದಳು. ನಾನೂ ಅಲ್ಲಿದ್ದೆ. ಪುಡಿಯಲ್ಲಿ ಅದೇ ಪರಾಗ ಇತ್ತು. ಅದನ್ನು ಕಳೆದರೆ ನಿಂಬರ್ಗಾದ ಜೇಡಿಯಲ್ಲಿ ಉಳಿಯುವುದು ಜರಿಗಿಡದ ನಾಲ್ಕು ಬೀಜಕಣ, ಗಾಣಗಾಪುರದ್ದರಲ್ಲಿ ಒಂದು, ನೆಲೋಗಿಯದರಲ್ಲಿ ಏನೂ ಇಲ್ಲ. ಜೇಡಿ ಪುಡಿಪುಡಿಯಾಗಿ ಬಂದಿದ್ದರಿಂದ ಮೇಲಿನದನ್ನು ಕೆರೆದು ಒಳಗಿನದನ್ನು ತೆಗೆಯುವ ದಾರಿಯೂ ಇರಲಿಲ್ಲ. ಪ್ರಬಂಧವನ್ನು ತಾನೇ ಹಿಂತೆಗೆದುಕೊಂಡೆ ಎಂದಳು.

ಬುರಾನುದ್ದೀನ ಅವಳಿಗೆ ಚಹಾ ಕೊಟ್ಟು ಎದುರಿಗೆ ನಿಂತ.

“ನಿಮ್ಮ ಮೂರು ವರ್ಷ ನಾ ತಿಂದ್ನೇನ್ರಿ, ಬೇಟಿ?”

ನಿಮ್ಮದೇನು ತಪ್ಪು ಎಂದು ಅವಳು ಸಮಾಧಾನ ಹೇಳುತ್ತಾಳೆಂದು ಕಾದೆ. ಅವನೂ ಕಾದಿದ್ದನೇನೋ.

“ಹೌದ್ರಿ ಕಾಕಾ, ತಿಂದ್ರಿ,” ಅಂದಳು ಜಯಮಾಲಾ.

ಅವನು ಹೌದೆಂದು ತಲೆಯಾಡಿಸಿದ. ಆಮೇಲೆ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡು ಅವಳ ಮುಂದೆಯೇ ಅತ್ತ.