ನಮ್ಮ ಒಲೆಯ ದೀಪ

ಅಡುಗೆಮನೆಯಿಂದ ಬೆಲ್ಲ, ಏಲಕ್ಕಿ, ಹುರಿದ ಅಕ್ಕಿಹಿಟ್ಟಿನ ವಾಸನೆ ಬರುತ್ತಿದೆ. ಸೆಲ್ವಂ ತಂಬಿಟ್ಟು ಕಲಸುತ್ತಿದ್ದಾನೆ. ಇವತ್ತು ನಮ್ಮೂರ ಗಂಗಮ್ಮನಿಗೆ ದೀಪ. ಕಲಸುವ ಕೆಲಸವನ್ನು ನನಗೆ ಕೊಡುವುದಿಲ್ಲ. ದೀಪವಾಗುವ ಮೊದಲೇ ಅರ್ಧ ತಿಂದುಬಿಡುತ್ತೇನೆ ಎಂಬ ಆರೋಪ ನನ್ನ ಮೇಲಿದೆ, ಅದು ಸುಳ್ಳೂ ಅಲ್ಲ.

ನಮ್ಮ ಕಡೆಯ ದೀಪ ನೀವು ನೋಡಿದ್ದೀರೋ ಇಲ್ಲವೋ. ತಂಬಿಟ್ಟನ್ನು ಬಟ್ಟಲಿನಂತೆ ಮಾಡಿ, ತುಪ್ಪ ಹಾಕಿ ಬತ್ತಿ ಹಚ್ಚಿ, ತಟ್ಟೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ಗುಡಿಗೆ ಒಯ್ಯುತ್ತೇವೆ. ಒಂದು ಒಲೆಗೆ ಒಂದು ದೀಪ. ಅಣ್ಣತಮ್ಮಂದಿರು ಬೇರೆಯಾಗಿ ಒಲೆ ಹೂಡಿದರೆ ಆ ವರ್ಷದಿಂದ ದೀಪವೂ ಬೇರೆ. ಬಾಗಿಲಲ್ಲಿ ಪೂಜಾರಿ "ಯಾರ ಮನೆ ದೀಪ?" ಎಂದು ಕೇಳಿ, ಹೇಳಿದ ಹೆಸರನ್ನು ಗಂಗಮ್ಮನಿಗೆ ಗಟ್ಟಿಯಾಗಿ ಒಪ್ಪಿಸುತ್ತಾರೆ.

ಭಕ್ತಿಯಲ್ಲಿ ನಾನು ಸ್ವಲ್ಪ ಅತಿಯೇ. ಶುಕ್ರವಾರ ಒಪ್ಪೊತ್ತು ತಪ್ಪಿಸಿದವನಲ್ಲ. ಆದರೆ ನನ್ನ ಮನಸ್ಸು ಗಂಡಸರ ಕಡೆಗೇ ಎಂದು ನನಗೆ ಖಾತ್ರಿಯಾದ ಮೇಲೆ ಗುಡಿಯೊಳಗೆ ಕಾಲಿಡುವುದನ್ನು ಬಿಟ್ಟೆ. ಹೊರಗೆ ಬೇವಿನ ಮರದ ಹಿಂದೆ ನಿಂತು ಕೈಮುಗಿಯುತ್ತಿದ್ದೆ. ಎಲ್ಲ ತಿಳಿದ ತಾಯಿಗೆ ಮರದ ಹಿಂದೆ ನಿಂತವನು ಕಾಣುವುದಿಲ್ಲ ಎಂದುಕೊಂಡ ಬುದ್ಧಿವಂತ ನಾನು. ಈಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ಅವಳನ್ನು ಬಿಟ್ಟಿರಲೂ ಆಗದು, ನಾನು ನಾನಾಗದೆ ಇರಲೂ ಆಗದು.

ಸೆಲ್ವಂ ಸಿಕ್ಕಿದ್ದು ಮಾರಿಕುಪ್ಪಂ ರೈಲಿನಲ್ಲಿ. ಆಂಡರ್ಸನ್‌ಪೇಟೆಯ ಟೈಲರ್. ಅವನು ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟ. ಆಮೇಲೆ ನಾನು ಏನೇನು ಬಿಟ್ಟುಕೊಟ್ಟೆ ಎಂದು ಹೇಳಹೊರಟರೆ ಮಾತು ಮುಗಿಯುವುದಿಲ್ಲ. ಬಂಗಾರಪೇಟೆಯಲ್ಲಿ ಮನೆ ಮಾಡಿದೆವು. ನನ್ನನ್ನು ಸಾಕಿದ ದೊಡ್ಡಮ್ಮ ಊರಿನಿಂದ ಬಂದು ಹೋಗುತ್ತಿದ್ದಳು. ನಾವು ಏನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಒಂದು ವರ್ಷ ದೀಪಕ್ಕೆ ಮುಂಚೆ ಬಂದವಳು ನಮ್ಮ ಗ್ಯಾಸ್ ಒಲೆಯನ್ನೇ ನೋಡುತ್ತಾ ನಿಂತಳು.

"ಇಲ್ಲಿ ಒಲೆ ಅಚ್ಚಿ ಎಷ್ಟು ವರ್ಸ ಆಯ್ತ್ಲಾ? ಇನ್ನೂ ಯಾಕೆ ದೀಪ ತಂದಿಲ್ಲ?"

"ಇದನ್ನ ಒಂದು ಸಂಸಾರ ಅಂತ ಯಾರು ಒಪ್ತಾರೆ ದೊಡ್ಡಮ್ಮ?" ಎಂದೆ. "ನಾವು ಬರೀ ಸ್ನೇಹಿತರಲ್ಲ. ಗಂಡ ಎಂಡ್ತಿ ಬಾಳೋ ಅಂಗೆ ಬಾಳ್ತಾ ಇದೀವಿ."

ಅವಳು ಕೈಚೀಲ ಕೆಳಗಿಟ್ಟಳು. "ನಂಗೆ ತಿಳೀದು ಅಂದ್ಕೊಂಡಿದ್ಯಾ? ಒಪ್ಕಣಕ್ಕೆ ನಂಗೂ ಕಷ್ಟ ಆಯ್ತು ಕಣ್ಲಾ. ಆದ್ರೆ ಗಂಗಮ್ಮ ಕೇಳೋದು ಒಲೆ. ಒಲೆ ಅಚ್ಚಿದ್ಮೇಲೆ ದೀಪ ತಪ್ಪಿಸಬಾರ್ದು."

ಆ ವರ್ಷ ನಮ್ಮ ಒಲೆಯ ಮೊದಲ ದೀಪಕ್ಕೆ ಸೆಲ್ವಂ ಬೆಲ್ಲದ ನೀರು ಜಾಸ್ತಿ ಹಾಕಿಬಿಟ್ಟ. ದೀಪ ದಾರಿಯಲ್ಲೇ ಒಂದು ಕಡೆ ವಾಲಿ ಬಿರುಕು ಬಿಟ್ಟಿತು. ತಟ್ಟೆ ತುಂಬಿ ತುಪ್ಪ ನನ್ನ ಹಣೆಗೆ ಇಳಿಯಿತು. "ಅಮ್ಮಾ, ವೆಲ್ಲಂ ಜಾಸ್ತಿ ಆಯ್ತು" ಎಂದು ಅವನು ಅಳುವ ಹಾಗಾದ. ದೊಡ್ಡಮ್ಮ ಸೆರಗಿನ ಗಂಟಿನಿಂದ ಒಣ ಹಿಟ್ಟು ತೆಗೆದು ಬಿರುಕಿಗೆ ಮೆತ್ತಿದಳು. "ಎಲ್ರ ಮನೇದೂ ಮೊದಲ್ನೇ ವರ್ಸ ಇಂಗೇ. ನಡೀರಿ."

"ಯಾರ ಮನೆ ದೀಪ?" ಪೂಜಾರಿ ಕೇಳಿದರು. ನಾನು ದೊಡ್ಡಮ್ಮನ ಮುಖ ನೋಡಿದೆ. ಅವಳು ಬೇಕೆಂದೇ ಬೇವಿನ ಮರದ ಕಡೆ ತಿರುಗಿಕೊಂಡಳು.

"ನಂದೂ ಸೆಲ್ವಂದೂ" ಎಂದೆ.

ಪೂಜಾರಿ ನಮ್ಮಿಬ್ಬರನ್ನೂ ನೋಡಿದರು. ಹಿಂದಿನ ಸಾಲು ನೂಕುತ್ತಿತ್ತು. ಅವರು ಒಳಗೆ ತಿರುಗಿ ನಮ್ಮಿಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಒಪ್ಪಿ ಕೂಗಿದರೋ, ಸಾಲಿನ ಅವಸರಕ್ಕೆ ಕೂಗಿದರೋ ನಾನು ಇವತ್ತಿಗೂ ವಿಚಾರಿಸಿಲ್ಲ. ದೀಪ ಹೊತ್ತುಕೊಂಡೇ ಹೊಸ್ತಿಲು ದಾಟಿದೆ. ಒಳಗೆ ಎಲ್ಲವೂ ಮೊದಲಿನ ಹಾಗೇ ಇತ್ತು, ಅದೇ ಕುಂಕುಮ, ಅದೇ ಬೇವಿನ ಸೊಪ್ಪು. ನನಗೆ ಅಳು ಬಂತು, ತುಪ್ಪ ಕಣ್ಣಿಗಿಳಿಯಿತು ಎಂದು ಹೇಳಿಕೊಂಡೆ.

"ಬಾ, ತುಪ್ಪ ಆಕು" ಎಂದು ಸೆಲ್ವಂ ಕರೆಯುತ್ತಿದ್ದಾನೆ. ಈ ಸಲ ದೀಪ ನೆಟ್ಟಗೆ ಕೂತಿದೆ. ಮೊಣಕಾಲು ನೋವಿನಿಂದ ಗುಡಿಗೆ ಬರಲಾಗದ ದೊಡ್ಡಮ್ಮ, ತಂಬಿಟ್ಟಿನಲ್ಲಿ ಬತ್ತಿ ಉರಿದ ಜಾಗದ ತುಂಡು ತನಗೇ ಬೇಕೆಂದು ಬೆಳಗ್ಗೆಯೇ ಫೋನು ಮಾಡಿದ್ದಾಳೆ. ಪೂಜಾರಿ ಈಗ ನಮ್ಮನ್ನು ಕೇಳುವುದನ್ನೇ ಬಿಟ್ಟಿದ್ದಾರೆ. ನೋಡಿದ ತಕ್ಷಣ ಹೆಸರು ಕೂಗಿಬಿಡುತ್ತಾರೆ. ನನಗೆ ಅದೊಂದೇ ಕೊರಗು. ಕೇಳದಿದ್ದರೂ ಇವತ್ತು ನಾನೇ ಹೇಳಬೇಕೆಂದಿದ್ದೇನೆ.