ಬಸವರಾಜೇಶ್ವರಿಯವರು ಕಟ್ಟಿದ ಕಾಗದನಗರ

2024ನೇ ಇಸವಿ ಅಕ್ಟೋಬರ್ 7, ಸೋಮವಾರ. ಶಿವಮೊಗ್ಗದ ರಾಗಿಗುಡ್ಡದ ತಮ್ಮ ಮನೆಯಲ್ಲಿ ಬಸವರಾಜೇಶ್ವರಿಯವರು ಎಂದಿನಂತೆ ಬೆಳಗಿನ ಕಾಫಿ ಮುಗಿಸಿ ಲ್ಯಾಪ್‌ಟಾಪ್ ತೆರೆದರು. ನಾಲ್ಕು ವರ್ಷ ಕೂತು ಕಟ್ಟಿದ ಊರು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಇಂಗ್ಲಿಷಿನ ಎರಡು ಸಾಲುಗಳಿದ್ದವು: ಈ ವಿಡಿಯೋ ಗೇಮಿನ ಸೇವೆ ಇಂದಿಗೆ ಮುಗಿದಿದೆ, ಆಟಗಾರರು ಕಟ್ಟಿದ ಊರುಗಳನ್ನು ಮಾರ್ಚ್ 31ರಂದು ನಮ್ಮ ಸರ್ವರ್‌ನಿಂದ ಅಳಿಸಲಾಗುವುದು. ಕೆಳಗೆ ಧನ್ಯವಾದವೂ ಇತ್ತು. ಕಿತ್ತುಕೊಂಡವರೇ ಧನ್ಯವಾದ ಹೇಳುವುದು ಯಾವ ದೇಶದ ಸಭ್ಯತೆಯೋ ತಿಳಿಯದು.

ಬಸವರಾಜೇಶ್ವರಿಯವರು ಭದ್ರಾವತಿಯ ಕಾಗದನಗರದಲ್ಲಿ ಶಿಶುವಿಹಾರದ ಶಿಕ್ಷಕಿಯಾಗಿದ್ದವರು. ಪತಿ ವಿಜಯಕುಮಾರ್ ಅಲ್ಲಿನ ಕಾಗದ ಕಾರ್ಖಾನೆಯ ನೌಕರರು. ಕಾರ್ಖಾನೆ ನಿಂತ ಮೇಲೆ ದಂಪತಿಗಳು ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗಕ್ಕೆ ಬಂದರು. ಕೊರೊನಾ ಕಾಲದಲ್ಲಿ, ಹಿಂದೊಮ್ಮೆ ಬಿ.ಹೆಚ್. ರಸ್ತೆಯ ಅಂಗಡಿಯಲ್ಲಿ ಕೊಂಡಿದ್ದ ಊರು ಕಟ್ಟುವ ಗೇಮಿನ ಡಿಸ್ಕ್ ಅವರ ಕೈಗೆ ಸಿಕ್ಕಿತು. ಅದಕ್ಕೆ ಇಂಟರ್ನೆಟ್ ಬೇಕಿರಲಿಲ್ಲ. ಲೋಕದವರು ಅದರಲ್ಲಿ ಗಗನಚುಂಬಿ ನಗರಗಳನ್ನು ಕಟ್ಟುತ್ತಿದ್ದರೆ, ಇವರು ಮೊದಲು ಶಿಶುವಿಹಾರ ಕಟ್ಟಿದರು. ನಂತರ ಕ್ವಾರ್ಟರ್ಸ್‌ನ ಸಾಲುಗಳು, ಕ್ಯಾಂಟೀನು, ಹೊಗೆಯಾಡುವ ಚಿಮಣಿ. ಒಂದೊಂದು ಹಂಚನ್ನೂ ನೆನಪಿನಿಂದಲೇ ಕೂರಿಸಿದರು.

ಅಷ್ಟರಲ್ಲಿ, ಗೇಮನ್ನು ತಯಾರಿಸಿದ್ದ ಸಣ್ಣ ಕಂಪನಿಯನ್ನು ವಿದೇಶದ ದೊಡ್ಡ ಗೇಮ್ ಪ್ರಕಾಶನ ಸಂಸ್ಥೆಯೊಂದು ಕೊಂಡುಕೊಂಡಿತು. ಇಂಥ ಸಂಸ್ಥೆಗಳ ವ್ಯಾಪಾರದ ರೀತಿಯನ್ನು ಓದುಗರು ತಿಳಿಯಬೇಕು. ಒಮ್ಮೆ ಮಾರಿದ ವಸ್ತುವಿನಿಂದ ಲಾಭ ಒಂದೇ ಸಲ. ಆದ್ದರಿಂದ ಮಾರಿದ್ದನ್ನೇ ಸೇವೆಯೆಂದು ಕರೆದು ತಮ್ಮ ಸರ್ವರ್‌ಗೆ ಕಟ್ಟಿಹಾಕುತ್ತಾರೆ. ಆಮೇಲೆ ತಿಂಗಳ ಚಂದಾ, ಅಲಂಕಾರದ ಸಾಮಾನು, ಒಳಗೇನಿದೆಯೆಂದು ತಿಳಿಸದ ಪೆಟ್ಟಿಗೆಗಳು. ಈ ಗೇಮಿಗೂ ಹಾಗೇ ಆಯಿತು: ಅಪ್‌ಡೇಟ್ ಎಂಬ ಹೆಸರಿನಲ್ಲಿ ಲ್ಯಾಪ್‌ಟಾಪಿನಲ್ಲಿದ್ದ ಊರು ಅವರ ಸರ್ವರ್‌ಗೆ ಹೋಯಿತು. ತುಳಸಿಕಟ್ಟೆ ಸಿಕ್ಕೀತೆಂದು ಬಸವರಾಜೇಶ್ವರಿಯವರು ಒಂದೇ ಒಂದು ಪೆಟ್ಟಿಗೆ ಕೊಂಡರು. ಅದರಿಂದ ಹಿಮದ ಬೊಂಬೆಯೊಂದು ಹೊರಬಂತು. ಭದ್ರಾವತಿಯ ಬಿಸಿಲಿಗೆ ಹಿಮದ ಬೊಂಬೆ! ಮತ್ತೆ ಅವರು ಪೆಟ್ಟಿಗೆಯ ತಂಟೆಗೆ ಹೋಗಲಿಲ್ಲ. ಉಚಿತವಾಗಿ ಸಿಗುವ ಇಟ್ಟಿಗೆಗಳಿಂದಲೇ ಕಟ್ಟೆ ಕಟ್ಟಿಕೊಂಡರು.

ನ್ಯಾಯವಾಗಿ ಹೇಳುವುದಾದರೆ, ಊರು ಸರ್ವರ್‌ಗೆ ಹೋದದ್ದರಿಂದ ಒಂದು ಉಪಕಾರವೂ ಆಯಿತು: ಬೇರೆಯವರು ತಮ್ಮ ಮನೆಯಿಂದಲೇ ಅದರ ಬೀದಿಗಳಲ್ಲಿ ಓಡಾಡಬಹುದಿತ್ತು. ಸುದ್ದಿ ಹಬ್ಬಿ, ಎಲ್ಲೆಲ್ಲೋ ಚದುರಿಹೋಗಿದ್ದ ಕಾಗದನಗರದವರು ಸಂಜೆ ಹೊತ್ತು ಅಲ್ಲಿ ಸೇರತೊಡಗಿದರು. ತಮ್ಮ ಮನೆಯ ಮುಂದೆ ನಿಂತು ಮಾತಾಡುವವರು ಕೆಲವರು, ತಪ್ಪು ಹುಡುಕುವವರು ಹಲವರು. ಬಾಯ್ಲರ್ ವಿಭಾಗದಲ್ಲಿದ್ದ ಯುವರಾಜ್ ಭದ್ರಾವತಿಯಿಂದ ಫೋನು ಮಾಡಿದರು.

"ಅಕ್ಕಾ, ಕ್ಯಾಂಟೀನ್ ಬಾಗಿಲು ಉತ್ತರಕ್ಕಿತ್ತು. ನೀವು ಪೂರ್ವಕ್ಕಿಟ್ಟಿದ್ದೀರ. ಇಡ್ಲಿಗೆ ಕ್ಯೂ ನಿಂತವನು ನಾನು, ನನಗೆ ಗೊತ್ತಿಲ್ವಾ?"

ಬಸವರಾಜೇಶ್ವರಿಯವರು ಇಬ್ಬರನ್ನು ವಿಚಾರಿಸಿ, ಯುವರಾಜ್ ಹೇಳಿದ್ದು ಸರಿಯೆಂದು ಖಚಿತಪಡಿಸಿಕೊಂಡು, ಗೋಡೆ ಕೆಡವಿ ಮತ್ತೆ ಕಟ್ಟಿದರು. ವಿಜಯಕುಮಾರ್ ನಕ್ಕರು. "ಕ್ವಾರ್ಟರ್ಸ್‌ನಲ್ಲಿ ಒಂದು ಮೊಳೆ ಹೊಡೆಯಕ್ಕೂ ಬಿಡ್ತಿರಲಿಲ್ಲ ನೀನು. ಇಲ್ಲಿ ಗೋಡೆನೇ ಒಡೀತೀಯಲ್ಲ."

ಇಂಥ ಊರನ್ನು ಪ್ರಕಾಶಕರು ಏಕೆ ಮುಚ್ಚಿದರು? ಅವರದೇ ಹೊಸ ಗೇಮೊಂದು ಮಾರುಕಟ್ಟೆಗೆ ಬಂದಿತ್ತು. ಹಳೆಯದು ನಡೆಯುತ್ತಿದ್ದರೆ ಹೊಸದಕ್ಕೆ ಗಿರಾಕಿಗಳು ಹೋಗುವುದಿಲ್ಲ. ಕಾರಣ ಇಷ್ಟೇ, ಬೇರೇನಿಲ್ಲ.

ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಕಲಿಸುವ ಶಾಮಲಾ ಹಿಂದೆ ಅದೇ ಶಿಶುವಿಹಾರದಲ್ಲಿ ಕಲಿತವಳು. ಅವಳು ಮನೆಗೆ ಬಂದು ಕಂಪನಿಯ ಷರತ್ತುಗಳನ್ನೆಲ್ಲ ಓದಿ ಕನ್ನಡದಲ್ಲಿ ವಿವರಿಸಿದಳು.

"ಮಿಸ್, ನೀವು ಗೇಮ್ ಕೊಂಡಿದ್ದಲ್ಲ. ಆಡೋ ಅನುಮತಿ ಕೊಂಡಿದ್ದು. ಅವರು ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು."

ಅಳಿಸಿಹೋಗುವ ಮುನ್ನ ಊರು ಕೈಗೆ ಬರುವ ದಾರಿ ಇದೆಯೇ ಎಂಬುದೊಂದೇ ಬಸವರಾಜೇಶ್ವರಿಯವರ ಪ್ರಶ್ನೆಯಾಗಿತ್ತು. ಇದೆ ಎಂದಳು ಶಾಮಲಾ. ಊರಿನ ಫೈಲನ್ನು ಕಂಪನಿ ಕಳಿಸಿದರೆ ಸಾಕು. ಹಳೆಯ ಡಿಸ್ಕಿನ ಗೇಮಿನಲ್ಲಿ ಅದು ತೆರೆಯುತ್ತದೆ. ಇಬ್ಬರೂ ಕೂತು ಬರೆದು ಕೇಳಿದರು. ಉತ್ತರ ಬಂತು: ಫೈಲು ಕೊಡುವ ಪದ್ಧತಿಯಿಲ್ಲ, ಪರಿಹಾರವಾಗಿ ಹೊಸ ಗೇಮಿನಲ್ಲಿ ಬಳಸಬಹುದಾದ ಚಿನ್ನದ ನಾಣ್ಯಗಳನ್ನು ಕೊಡುತ್ತೇವೆ.

ಶಾಮಲಾ ಸಂಕೋಚದಿಂದ ಹೇಳಿದಳು: "ತಗೊಂಡುಬಿಡಿ ಮಿಸ್. ಅಷ್ಟಾದರೂ ಸಿಗಲಿ."

"ಬೇಡ ಮಾರಾಯ್ತಿ. ಕ್ವಾರ್ಟರ್ಸೂ ನಮ್ಮದಾಗಿರಲಿಲ್ಲ. ಬಿಡೋ ದಿನ ಅವರ ಫ್ಯಾನು, ಅವರ ಬಲ್ಬು, ಅವರ ಬೀಗದಕೈ, ಎಲ್ಲ ಒಪ್ಪಿಸಿ ಬಂದ್ವಿ. ಆದ್ರೆ ನಾನು ನೆಟ್ಟ ಮಲ್ಲಿಗೆ ಬಳ್ಳೀನ ಬೇರುಸಮೇತ ಅಗೆದು ತಂದೆ. ಯಾವ ಸಾಹೇಬರೂ ತಡೀಲಿಲ್ಲ. ಗೇಮ್ ಅವರದ್ದೇ, ಇಟ್ಕೊಳ್ಳಲಿ. ಊರು ಕಟ್ಟಿದ್ದು ನಾನು."

ನಾಣ್ಯಗಳನ್ನು ತಿರಸ್ಕರಿಸಿ ಅವರು ಅಂದೇ ಉತ್ತರ ಬರೆಸಿದರು. ಅದಕ್ಕೆ ಈವರೆಗೆ ಮರು ಉತ್ತರವಿಲ್ಲ. ಬಸವರಾಜೇಶ್ವರಿಯವರು ಕುಗ್ಗಿಲ್ಲ. ಯಾರಾದರೂ ಅಯ್ಯೋ ಪಾಪ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಒಂದು ಇಡೀ ಊರನ್ನು, ಬಾಗಿಲಿನ ದಿಕ್ಕೂ ತಪ್ಪದಂತೆ ಒಬ್ಬಳೇ ಕಟ್ಟಿದ ಹೆಂಗಸಿಗೆ ಅನುಕಂಪವೇಕೆ?

ಆದ್ದರಿಂದ ಆ ಪ್ರಕಾಶನ ಸಂಸ್ಥೆಯ ಆಡಳಿತ ಮಂಡಳಿಯವರೇ, ನಿಮ್ಮ ಸೇವೆಯನ್ನು ಮುಂದುವರಿಸಿರೆಂದು ಅವರು ಬೇಡುತ್ತಿಲ್ಲ. ಅವರು ಕಟ್ಟಿದ ಕಾಗದನಗರದ ಫೈಲನ್ನು ಮಾರ್ಚ್ 31ರೊಳಗೆ ಅವರಿಗೆ ತಲುಪಿಸಿ. ಮನೆ ಖಾಲಿ ಮಾಡಿಸುವವರು, ಇದ್ದವರಿಗೆ ತಮ್ಮ ಸಾಮಾನು ಹೊರಗೆ ತರಲು ಬಾಗಿಲು ತೆರೆದಿಡಬೇಕು. ತೆರೆಯಿರಿ.